ರಹೀಮ್ ಮಾಸ್ಟ್ರು ಮತ್ತು ಅವರ ಮಗ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಕ್ರೀಡಾ ಸಾಧಕರ ಜೀವನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರೂ ನನ್ನಂತೆ ಶಾಲೆಯ ಮಾಸ್ಟ್ರು. ಕಾಪುವಿನ ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದಷ್ಟು ಕಾಲವೂ ಅವರ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದೆ.

ರಹೀಮ್ ಹುಟ್ಟಿದ್ದು 1909ರಲ್ಲಿ. ಆಗ ಕಲಬುರಗಿ, ಬೀದರ್, ರಾಯಚೂರು ಕೂಡ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಒಳ್ಳೆಯ ಫುಟ್‌ಬಾಲ್ ಆಟಗಾರ. ಪದವಿಯ ನಂತರ ಶಾಲೆಗಳಲ್ಲಿ ಪಾಠ ಮಾಡಿದರು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಆಟೋಟದ ಹೊಣೆಯನ್ನೂ ಹೊತ್ತರು. ಅವರು ತರಬೇತಿ ನೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು.

ಭಾರತ ತಂಡದ ಹೊಣೆಯೂ ಅವರ ಪಾಲಿಗೆ ಬಂತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲೇ ಆಡಿ ಯುಗೊಸ್ಲಾವಿಯಾ ಎದುರು 10–1ರಿಂದ ಸೋತರು. ಆಮೇಲೆ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷಗಳಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ರಹೀಮರ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೇರಿತು.

ನಾನು ಮಕ್ಕಳಿಗೆ ಹೆಚ್ಚಾಗಿ ಹೇಳುತ್ತಿದ್ದುದು 1960ರ ರೋಮ್ ಒಲಿಂಪಿಕ್ಸ್‌ನ ಮಾತು. ಆ ತಂಡದಲ್ಲಿ ರಹೀಮರ ಮಗ ಶಾಹಿದ್ ಹಕೀಮ್ ಕೂಡ ಇದ್ದರು. ಭಾರತ ಮೂರು ಪಂದ್ಯ ಆಡಿತು. ಹಂಗೇರಿ ಎದುರು ಸೋಲು, ಫ್ರಾನ್ಸ್ ಜತೆ 1–1ರ ಸಮಬಲ, ಪೆರು ಎದುರು ಸೋಲು. ಆಗ ಆಟದ ನಡುವೆ ಆಟಗಾರರನ್ನು ಬದಲಿಸುವ ಪದ್ಧತಿ ಇರಲಿಲ್ಲ. ಹನ್ನೊಂದು ಮಂದಿಯಲ್ಲಿ ಹೆಸರಿಲ್ಲದವರು ಹೊರಗೆ ಕೂತು ನೋಡಬೇಕು. ಕೋಚ್ ಅಪ್ಪನೇ ಆಗಿದ್ದರೂ ಹಕೀಮರು ಮೂರೂ ಪಂದ್ಯಗಳಲ್ಲಿ ಹೊರಗೇ ಉಳಿದರು.

1962ರಲ್ಲಿ ಜಕಾರ್ತಾಕ್ಕೆ ಹೋಗುವಾಗ ರಹೀಮರನ್ನು ಕ್ಯಾನ್ಸರ್ ಕಾಡುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು ಸೋಲು. ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಗಾಯವಾಗಿ ಹೊಲಿಗೆ ಬಿತ್ತು. ರಹೀಮರು ಅವರನ್ನು ಮುಂಚೂಣಿಯಲ್ಲಿ ಆಡಿಸಿದರು. ಫೈನಲ್‌ನಲ್ಲಿ ಅದೇ ಕೊರಿಯಾ ಎದುರು ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದು 2–1ರಿಂದ ಚಿನ್ನ ತಂದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಸಿಕ್ಕಿಲ್ಲ. ಒಂಬತ್ತು ತಿಂಗಳಲ್ಲಿ, 1963ರ ಜೂನ್ 11ರಂದು, ರಹೀಮರು ತೀರಿಕೊಂಡರು.

ಮಗ ಆಟ ಬಿಡಲಿಲ್ಲ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಅಂತಾರಾಷ್ಟ್ರೀಯ ರೆಫ್ರಿಯಾದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.

ಈ ಕಥೆ ನನ್ನ ಮನೆಗೂ ಬಂದಿತ್ತು. ಒಮ್ಮೆ ಕಾರ್ಕಳದ ಪಂದ್ಯಕ್ಕೆ ತಂಡ ಆರಿಸುವಾಗ ಹತ್ತನೇ ತರಗತಿಯಲ್ಲಿದ್ದ ನನ್ನ ಮಗನನ್ನು ಕೈಬಿಟ್ಟೆ. ಅವನಿಗಿಂತ ಚೆನ್ನಾಗಿ ಆಡುವ ಹುಡುಗನೊಬ್ಬ ಕಡಲ ಬದಿಯ ಮನೆಯಿಂದ ಬರುತ್ತಿದ್ದ. ಮಗ ಆ ರಾತ್ರಿ ಊಟ ಮಾಡಲಿಲ್ಲ, ಅವನ ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಅವನನ್ನು ಕೂರಿಸಿಕೊಂಡು ರೋಮ್‌ನ ಕಥೆ ಹೇಳಿದೆ. ಅವನು ಏನೂ ಹೇಳಲಿಲ್ಲ. ಆದರೆ ತಂಡದ ನೀರಿನ ಕೊಡ ಹೊತ್ತುಕೊಂಡು ಕಾರ್ಕಳಕ್ಕೆ ಬಂದ.

ಈಗ ಅವನು ಮಣಿಪಾಲದಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಉಡುಪಿಯ ಅಜ್ಜರಕಾಡು ಮೈದಾನದಿಂದ ನನ್ನ ಮೊಮ್ಮಗ ತಂಡದಲ್ಲಿ ಜಾಗ ಸಿಗಲಿಲ್ಲವೆಂದು ಅಳುತ್ತಾ ಬಂದ. ಹಕೀಮರ ಕಥೆಯನ್ನು ಅವನಿಗೆ ಹೇಳಿದ್ದು ನಾನಲ್ಲ, ನನ್ನ ಮಗ.