ಊರು ಬಿಟ್ಟು ಬಂದ ವಕೀಲ, ನಾಲ್ಕೇ ಜನರ ಮೀಟಿಂಗ್: ರೋಟರಿ ಕಟ್ಟಿದ ಪಾಲ್ ಹ್ಯಾರಿಸ್

ಜುಲೈ ಬಂತು ಅಂದ್ರೆ ತಾಲೂಕು ಕೇಂದ್ರಗಳಲ್ಲಿ ಪದಗ್ರಹಣದ ಸೀಸನ್. ಕಲ್ಯಾಣ ಮಂಟಪದಲ್ಲೋ ಹೋಟೆಲ್ ಹಾಲ್‌ನಲ್ಲೋ ಹೊಸ ಅಧ್ಯಕ್ಷರ ಕೊರಳಿಗೆ ಹಾರ ಬೀಳುತ್ತೆ, ಹೊಸ ಸದಸ್ಯರ ಕೋಟಿಗೆ ಪಿನ್ ಹಾಕ್ತಾರೆ, ಫೋಟೋ ಆಗುತ್ತೆ, ಊಟ ಆಗುತ್ತೆ. ಮರುದಿನ ನಮ್ಮಂಥ ವರದಿಗಾರರಿಗೆ ಪ್ರೆಸ್‌ನೋಟ್ ಬರುತ್ತೆ. ಆದರೆ ಮುಂದಿನ ಜುಲೈ ಹೊತ್ತಿಗೆ ಆ ಹೊಸಬರಲ್ಲಿ ಎಷ್ಟು ಜನ ಇನ್ನೂ ಮೀಟಿಂಗ್‌ಗೆ ಬರ್ತಿದ್ದಾರೆ ಅನ್ನೋದು ಯಾವ ಪ್ರೆಸ್‌ನೋಟ್‌ನಲ್ಲೂ ಇರಲ್ಲ.

ಇಂಥ ಸೇವಾ ಕ್ಲಬ್‌ಗಳಿಗೆ ದಾರಿ ಹಾಕಿಕೊಟ್ಟ ರೋಟರಿಯನ್ನು ಶುರು ಮಾಡಿದ್ದು ಅಮೆರಿಕದ ವಕೀಲ ಪಾಲ್ ಹ್ಯಾರಿಸ್. ಅವರ ಫೋಟೋ ಎಷ್ಟೋ ರೋಟರಿ ಭವನಗಳ ಗೋಡೆ ಮೇಲಿದೆ. ಕಥೆ ಗೊತ್ತಿರುವವರು ಕಡಿಮೆ.

ಕಾಲೇಜಿಂದ ಹೊರಹಾಕಿಸಿಕೊಂಡ ಹುಡುಗ

ಹ್ಯಾರಿಸ್ ಹುಟ್ಟಿದ್ದು 1868ರ ಏಪ್ರಿಲ್ 19ರಂದು, ವಿಸ್ಕಾನ್ಸಿನ್ ರಾಜ್ಯದ ರೇಸಿನ್ ಊರಲ್ಲಿ. ಅಪ್ಪನ ವ್ಯಾಪಾರ ಕೈಹಿಡಿಯಲಿಲ್ಲ. ಮೂರು ವರ್ಷದ ಮಗುವನ್ನು ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಅನ್ನುವ ಸಣ್ಣ ಊರಿಗೆ, ಅಜ್ಜ-ಅಜ್ಜಿ ಮನೆಗೆ ಕಳಿಸಿದರು. ಬೆಳೆದಿದ್ದೆಲ್ಲ ಅಲ್ಲೇ. ಬೆಟ್ಟ, ಹೊಳೆ, ಒಬ್ಬರ ಮನೆ ಕಷ್ಟ ಇನ್ನೊಬ್ಬರಿಗೆ ಗೊತ್ತಾಗುವಂಥ ಊರು. ನಮ್ಮ ಹೋಬಳಿ ಊರುಗಳ ಥರಾನೇ ಅಂದುಕೊಳ್ಳಿ.

ಹುಡುಗ ಬಲು ತುಂಟ. ಒಂದು ಶಾಲೆಯಿಂದ ಹೊರಹಾಕಿದರು. ವರ್ಮಾಂಟ್ ವಿಶ್ವವಿದ್ಯಾಲಯಕ್ಕೆ ಸೇರಿದ, 1886ರಲ್ಲಿ ಅಲ್ಲಿಂದಲೂ ಹೊರಬಿದ್ದ. ಆಮೇಲೆ ಪ್ರಿನ್ಸ್‌ಟನ್‌ಗೆ ಹೋದರೆ 1888ರಲ್ಲಿ ಅಜ್ಜ ತೀರಿಕೊಂಡರು, ಆ ಓದೂ ನಿಂತಿತು. ಅಮೃತಶಿಲೆ ಕಂಪನಿಯೊಂದರಲ್ಲಿ ಸ್ವಲ್ಪ ದಿನ ಕೆಲಸ ಮಾಡಿ, ಕೊನೆಗೆ ಅಯೋವಾದಲ್ಲಿ ಕಾನೂನು ಓದಿ 1891ರಲ್ಲಿ ಡಿಗ್ರಿ ಪಡೆದರು. ಡಿಗ್ರಿ ಅರ್ಧಕ್ಕೇ ಬಿಟ್ಟ ನನ್ನಂಥವನಿಗೆ ಈ ಭಾಗ ಓದುವಾಗ ಒಂಚೂರು ಧೈರ್ಯ ಬಂದಿದ್ದು ನಿಜ.

ಡಿಗ್ರಿ ಸಿಕ್ಕ ಕೂಡಲೇ ಕರಿಕೋಟು ಹಾಕಲಿಲ್ಲ. ಐದು ವರ್ಷ ಲೋಕ ನೋಡಿ ಬರ್ತೀನಿ ಅಂತ ಹೊರಟರು. ಪತ್ರಿಕೆಗಳಿಗೆ ವರದಿ ಬರೆದರು, ಕ್ಯಾಲಿಫೋರ್ನಿಯಾದಲ್ಲಿ ಒಣದ್ರಾಕ್ಷಿ ಪ್ಯಾಕ್ ಮಾಡಿದರು, ಪಾಠ ಹೇಳಿದರು, ಡೆನ್ವರ್‌ನ ನಾಟಕ ಕಂಪನಿಯಲ್ಲಿ ವೇಷ ಹಾಕಿದರು, ದನ ಕಾಯ್ದರು, ಹೋಟೆಲ್‌ನಲ್ಲಿ ರಾತ್ರಿ ಪಾಳಿ ಗುಮಾಸ್ತರಾದರು, ಅಮೃತಶಿಲೆ ಮಾರುವ ಸೇಲ್ಸ್‌ಮನ್ ಆಗಿ ಊರೂರು ಸುತ್ತಿದರು. ದನ ಸಾಗಿಸುವ ಹಡಗಿನಲ್ಲಿ ಕೂಲಿಯಾಗಿ ಇಂಗ್ಲೆಂಡಿಗೂ ಹೋಗಿ ಬಂದರು. ನಾನಾ ಕಸುಬಿನವರ ಜೊತೆ ಬೆರೆಯೋದು ಅವರು ಕಲಿತಿದ್ದು ಈ ಅಲೆದಾಟದಲ್ಲೇ.

17 ಲಕ್ಷ ಜನರ ನಡುವೆ ಒಂಟಿ

1896ರಲ್ಲಿ ಶಿಕಾಗೋಗೆ ಬಂದು ವಕೀಲಿಕೆ ಶುರು ಮಾಡಿದರು. 1900ರ ಜನಗಣತಿ ಪ್ರಕಾರ ಆ ನಗರದಲ್ಲಿ ಸುಮಾರು 17 ಲಕ್ಷ ಜನ. ಕಕ್ಷಿದಾರರು ಸಿಕ್ಕಿದರು, ಸಂಪಾದನೆ ಆಯ್ತು. ಗೆಳೆಯರು ಮಾತ್ರ ಸಿಗಲಿಲ್ಲ. ಭಾನುವಾರ ಬಂದರೆ ಮಾತಾಡಿಸೋರು ದಿಕ್ಕಿಲ್ಲ. ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮ ಹುಡುಗರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

1900ರಲ್ಲಿ ಒಂದು ಸಂಜೆ ವಕೀಲ ಮಿತ್ರರೊಬ್ಬರು ಮನೆಗೆ ಊಟಕ್ಕೆ ಕರೆದರು. ಊಟ ಆದ ಮೇಲೆ ಇಬ್ಬರೂ ಆ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರು. ಮಿತ್ರರು ದಾರಿಯುದ್ದಕ್ಕೂ ಒಂದೊಂದು ಅಂಗಡಿ ಮುಂದೆ ನಿಂತು, ಮಾಲೀಕರನ್ನು ಹೆಸರು ಹಿಡಿದು ಮಾತಾಡಿಸಿ, ಹ್ಯಾರಿಸ್ ಅವರನ್ನು ಪರಿಚಯ ಮಾಡಿಸಿದರು. ಅಷ್ಟು ದೊಡ್ಡ ನಗರದಲ್ಲೂ ಅಂಗಡಿಯವರು ಹೀಗೆ ಒಬ್ಬರಿಗೊಬ್ಬರು ಹತ್ತಿರ ಇರ್ತಾರೆ ಅನ್ನೋದು ನೋಡಿ ಅವರಿಗೆ ವಾಲಿಂಗ್‌ಫರ್ಡ್ ನೆನಪಾಯಿತು. ಬೇರೆ ಬೇರೆ ಕಸುಬಿನವರು ಸೇರುವ ಒಂದು ಕೂಟ ಕಟ್ಟಿದರೆ ಹೇಗೆ ಅನ್ನುವ ಯೋಚನೆ ಹೊಳೆದದ್ದು ಆ ಸಂಜೆ. ಕೈಗೂಡಲು ಐದು ವರ್ಷ ಬೇಕಾಯಿತು.

1905ರ ಫೆಬ್ರವರಿ 23, ಗುರುವಾರ. ಯೂನಿಟಿ ಬಿಲ್ಡಿಂಗ್‌ನ 711ನೇ ನಂಬರ್ ಕೋಣೆಯಲ್ಲಿ ನಾಲ್ಕು ಜನ ಕೂತರು. ವಕೀಲ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ, ಗಣಿ ಎಂಜಿನಿಯರ್ ಗುಸ್ಟಾವಸ್ ಲೋರ್, ಬಟ್ಟೆ ಹೊಲಿಸಿ ಮಾರುವ ಹೈರಂ ಶೋರಿ. ಕೋಣೆ ಲೋರ್ ಅವರ ಆಫೀಸು. ಹಾರ ಇಲ್ಲ, ಮೈಕ್ ಇಲ್ಲ, ಮುಖ್ಯ ಅತಿಥಿ ಇಲ್ಲ.

ಕರೆದ ರೀತಿ, ಸೇರಿಸಿಕೊಂಡ ರೀತಿ

ಅವರು ಇಟ್ಟುಕೊಂಡ ನಿಯಮ ಸರಳ. ಒಂದು ಕಸುಬಿನಿಂದ ಒಬ್ಬರೇ ಸದಸ್ಯ. ಹಾಗಾಗಿ ಎದುರುಬದುರು ಅಂಗಡಿಯ ಪೈಪೋಟಿ ಕ್ಲಬ್ ಒಳಗೆ ಬರಲಿಲ್ಲ. ಒಂದು ಮೀಟಿಂಗ್ ವಕೀಲರ ಆಫೀಸಲ್ಲಾದರೆ ಇನ್ನೊಂದು ಕಲ್ಲಿದ್ದಲು ಡಿಪೋದಲ್ಲಿ. ಆತಿಥೇಯರು ತಮ್ಮ ಕೆಲಸ ಹೇಗೆ ನಡೆಯುತ್ತೆ ಅಂತ ಎಲ್ಲರಿಗೂ ವಿವರಿಸಬೇಕು. ಹೀಗೆ ಸರದಿ ಪ್ರಕಾರ ಜಾಗ ತಿರುಗ್ತಾ ಇದ್ದುದಕ್ಕೇ ರೋಟರಿ ಅನ್ನುವ ಹೆಸರು ಬಂತು. ಯಾರನ್ನೂ ಬಿರುದು ಸೇರಿಸಿ ಕರೆಯುವಂತಿಲ್ಲ, ಬರೀ ಹೆಸರು ಹಿಡಿದು ಕರೆಯಬೇಕು. ಹೊಸಬರು ಮೂಲೆಯಲ್ಲಿ ಸುಮ್ಮನೆ ಕೂರುವ ಪ್ರಶ್ನೆಯೇ ಬರಲಿಲ್ಲ. ಅವರ ಅಂಗಡಿಗೇ ಕ್ಲಬ್ ಹೋಗುತ್ತಿತ್ತು.

ಮೊದಲ ನಾಲ್ವರಲ್ಲಿ ಲೋರ್ ಮತ್ತು ಶೋರಿ ಬಹಳ ದಿನ ಉಳಿಯಲಿಲ್ಲ. ಅಲ್ಲಿಗೇ ಕ್ಲಬ್ ಮುಚ್ಚಿಹೋಗಬಹುದಿತ್ತು. ಉಳಿಸಿದ್ದು ಆಮೇಲೆ ಬಂದವರು. ಐದನೆಯವರಾಗಿ ಬಂದ ಪ್ರಿಂಟಿಂಗ್ ಪ್ರೆಸ್ ಮಾಲೀಕ ಹ್ಯಾರಿ ರಗಲ್ಸ್ ತಮ್ಮ ಗೆಳೆಯರನ್ನೆಲ್ಲ ಒಬ್ಬೊಬ್ಬರಾಗಿ ಕರೆತಂದರು. ಮೀಟಿಂಗ್ ಸಪ್ಪೆ ಆದಾಗ ಎದ್ದು ನಿಂತು ಎಲ್ಲರಿಂದ ಹಾಡು ಹೇಳಿಸುತ್ತಿದ್ದವರೂ ಅವರೇ.

ಇನ್ನೊಂದು ವಿಷಯ. ಕ್ಲಬ್ ಹುಟ್ಟುಹಾಕಿದ ಹ್ಯಾರಿಸ್ ಮೊದಲ ಅಧ್ಯಕ್ಷರಾಗಲಿಲ್ಲ. ಆ ಕುರ್ಚಿ ಶೀಲೆಗೆ ಕೊಟ್ಟು ತಾವು ಹಿಂದೆ ನಿಂತರು. ಅಧ್ಯಕ್ಷರಾದದ್ದು 1907ರಲ್ಲಿ.

ಸೇರಲ್ಲ ಅಂದವರು ಕ್ಲಬ್ ಬದಲಾಯಿಸಿದರು

ಶುರುವಿನ ರೋಟರಿ ಸೇವಾ ಸಂಸ್ಥೆ ಆಗಿರಲಿಲ್ಲ ಅನ್ನೋದನ್ನ ಮುಚ್ಚಿಡಬೇಕಿಲ್ಲ. ಉದ್ದೇಶ ಎರಡೇ: ಸ್ನೇಹ, ಮತ್ತು ಒಬ್ಬರಿಂದ ಒಬ್ಬರಿಗೆ ವ್ಯಾಪಾರ. ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಟ್ಟರು ಅಂತ ಲೆಕ್ಕ ಬರೆಯೋಕೆ ಒಬ್ಬ ಪದಾಧಿಕಾರಿಯೇ ಇದ್ದರು.

1906ರಲ್ಲಿ ಫ್ರೆಡರಿಕ್ ಟ್ವೀಡ್ ಅನ್ನುವ ಸದಸ್ಯರು ಪೇಟೆಂಟ್ ವಕೀಲ ಡೊನಾಲ್ಡ್ ಕಾರ್ಟರ್ ಅವರನ್ನು ಸೇರಲು ಕರೆದರು. ನಿಯಮಾವಳಿ ಓದಿದ ಕಾರ್ಟರ್ ಒಪ್ಪಲಿಲ್ಲ. ತಮ್ಮ ಸದಸ್ಯರಿಗೆ ಬಿಟ್ಟು ಬೇರೆ ಯಾರಿಗೂ ಏನೂ ಮಾಡದ ಕ್ಲಬ್ ಬಹಳ ದಿನ ಬಾಳಲ್ಲ, ಊರಿಗೆ ಏನಾದರೂ ಮಾಡಬೇಕು ಅಂತ ಅವರ ವಾದ. ನಮ್ಮ ಕಡೆ ಆಗಿದ್ದರೆ ಇಷ್ಟಕ್ಕೇ ಮಾತು ಮುಗಿದು, ಇನ್ನೊಬ್ಬರ ಹೆಸರು ಹುಡುಕುತ್ತಿದ್ದರೇನೋ. ಶಿಕಾಗೋದವರು ಆ ಮಾತನ್ನು ತೆಗೆದುಕೊಂಡರು. ಹಾಗಾದರೆ ನೀವೇ ಬರೆದು ಕೊಡಿ ಅಂತ ಕಾರ್ಟರ್ ಅವರನ್ನೇ ಕೇಳಿದರು. ಕಾರ್ಟರ್ ಸದಸ್ಯರಾದರು. ನಗರದ ಹಿತಕ್ಕೆ ದುಡಿಯೋದು ಕ್ಲಬ್‌ನ ಮೂರನೇ ಉದ್ದೇಶ ಆಯ್ತು. ಹ್ಯಾರಿಸ್ ಈ ಬದಲಾವಣೆಯ ಪರವಾಗಿ ಗಟ್ಟಿಯಾಗಿ ನಿಂತರು.

ಅದರ ಮೊದಲ ದೊಡ್ಡ ಫಲ ಸಾರ್ವಜನಿಕ ಶೌಚಾಲಯ. 1907ರಲ್ಲಿ ಕ್ಲಬ್ ಬೇರೆ ಸಂಘಗಳನ್ನೂ ಜೊತೆ ಸೇರಿಸಿಕೊಂಡು ನಗರಾಡಳಿತದ ಬೆನ್ನುಹತ್ತಿತು. ಬಾರ್‌ಗಳ ಕಡೆಯವರು, ದೊಡ್ಡ ಅಂಗಡಿಗಳವರು ವಿರೋಧ ಮಾಡಿದರು. ಶೌಚಾಲಯಕ್ಕೆ ಅಂತ ಒಳಗೆ ಬಂದವರು ಏನಾದರೂ ಕೊಂಡುಕೊಂಡೇ ಹೋಗುತ್ತಿದ್ದರಲ್ಲ, ಆ ಗಿರಾಕಿ ತಪ್ಪಿಹೋಗುತ್ತೆ ಅನ್ನೋ ಚಿಂತೆ. ಆದರೂ ಎರಡು ವರ್ಷದಲ್ಲಿ ಕೆಲಸ ಆಯ್ತು. ಸಂತೆ ದಿನ ನಮ್ಮ ಬಸ್ ಸ್ಟ್ಯಾಂಡ್ ಹಿಂದೆ ಓಡಾಡಿದವರಿಗೆ ಇದು ಎಂಥ ದೊಡ್ಡ ಸೇವೆ ಅಂತ ಅರ್ಥ ಆಗುತ್ತೆ.

ನಮಗಷ್ಟೇ ಸಾಕು ಅಂದವರ ನಡುವೆ

ಹ್ಯಾರಿಸ್‌ಗೆ ಬೇರೆ ಊರುಗಳಲ್ಲೂ ಕ್ಲಬ್ ಆಗಬೇಕು ಅನ್ನುವ ಹಟ. ಶಿಕಾಗೋದ ಕೆಲವು ಸದಸ್ಯರಿಗೆ ಅದು ಬೇಡವಾಗಿತ್ತು. ನಾವು ನಾವು ಚೆನ್ನಾಗಿದ್ದೀವಿ, ಬೇರೆ ಊರಿನ ಉಸಾಬರಿ ಯಾಕೆ ಅನ್ನೋರು ಅಲ್ಲೂ ಇದ್ದರು. ಹ್ಯಾರಿಸ್ ಕೆಲಸ ನಿಲ್ಲಿಸಲಿಲ್ಲ. ವ್ಯಾಪಾರದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಗೆಳೆಯ ಮ್ಯಾನುಯೆಲ್ ಮುನೋಝ್ ಅವರ ಕೈಲಿ ವಿಷಯ ಕಳಿಸಿದರು. ಅಲ್ಲಿನ ವಕೀಲ ಹೋಮರ್ ವುಡ್ ಕೈಹಾಕಿದರು, 1908ರ ನವೆಂಬರ್‌ನಲ್ಲಿ ಎರಡನೇ ಕ್ಲಬ್ ಹುಟ್ಟಿತು. 1910ರ ಆಗಸ್ಟ್ ಹೊತ್ತಿಗೆ 16 ಕ್ಲಬ್‌ಗಳು ಸೇರಿ ರಾಷ್ಟ್ರೀಯ ಸಂಘ ಆಯ್ತು, ಹ್ಯಾರಿಸ್ ಅದರ ಅಧ್ಯಕ್ಷ. ಅದೇ ವರ್ಷ ಸ್ಕಾಟ್ಲೆಂಡ್ ಮೂಲದ ಜೀನ್ ಥಾಮ್ಸನ್ ಅವರನ್ನು ಮದುವೆಯಾದರು. ದಂಪತಿಗೆ ಮಕ್ಕಳಾಗಲಿಲ್ಲ. 1912ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟುಕೊಟ್ಟರು. 1919ರಲ್ಲಿ ಕಲ್ಕತ್ತಾ, 1934ರಲ್ಲಿ ಬೆಂಗಳೂರು ಹೀಗೆ ರೋಟರಿ ನಮ್ಮ ಕಡೆಗೂ ಬಂತು.

ಒಂದು ಬಾಗಿಲು ಮಾತ್ರ ಹ್ಯಾರಿಸ್ ಕಾಲದಲ್ಲಿ ತೆರೆಯಲೇ ಇಲ್ಲ. ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ ಮಹಿಳೆಯರನ್ನು ಸೇರಿಸಿಕೊಂಡಿದ್ದಕ್ಕೆ 1978ರಲ್ಲಿ ಅದರ ಮಾನ್ಯತೆಯನ್ನೇ ಕಿತ್ತುಕೊಂಡರು. ವಿಷಯ ಕೋರ್ಟಿಗೆ ಹೋಗಿ, 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಹಿಳೆಯರ ಪರ ತೀರ್ಪು ಕೊಟ್ಟಿತು. 1989ರಲ್ಲಿ ರೋಟರಿ ತನ್ನ ನಿಯಮ ತಿದ್ದಿತು. ಶುರುವಾಗಿ 84 ವರ್ಷ ಆಗಿತ್ತು. ಒಂಟಿತನ ಏನು ಅಂತ ಗೊತ್ತಿದ್ದವರು ಕಟ್ಟಿದ ಕ್ಲಬ್ಬೇ ಅರ್ಧ ಊರನ್ನು ಹೊರಗಿಟ್ಟಿತ್ತು.

ಹ್ಯಾರಿಸ್ ತೀರಿಕೊಂಡಿದ್ದು 1947ರ ಜನವರಿ 27ರಂದು, 78ನೇ ವಯಸ್ಸಲ್ಲಿ. ತಮ್ಮ ಸಾವಿಗೆ ಹೂವು ತರಬೇಡಿ, ಆ ದುಡ್ಡನ್ನು ರೋಟರಿ ಫೌಂಡೇಶನ್‌ಗೆ ಕೊಡಿ ಅನ್ನೋದು ಅವರ ಇಚ್ಛೆಯಾಗಿತ್ತು. ಒಂದೂವರೆ ವರ್ಷದಲ್ಲಿ 13 ಲಕ್ಷ ಡಾಲರ್ ಸೇರಿತು. ಮೊದಲ ವರ್ಷವೇ 18 ವಿದ್ಯಾರ್ಥಿಗಳು ಸ್ಕಾಲರ್‌ಶಿಪ್ ಮೇಲೆ ಹೊರದೇಶಕ್ಕೆ ಓದಲು ಹೋದರು. ಅವರ ಸಮಾಧಿ ಇರುವುದು ಮೊದಲ ದಿನ ಜೊತೆಗೆ ಕೂತಿದ್ದ ಕಲ್ಲಿದ್ದಲು ವ್ಯಾಪಾರಿ ಶೀಲೆ ಅವರ ಸಮಾಧಿ ಪಕ್ಕದಲ್ಲೇ.

ನಮ್ಮ ಕ್ಲಬ್‌ಗಳಲ್ಲೂ ಈ ವರ್ಷ ಹೊಸ ಸದಸ್ಯರ ಪಟ್ಟಿ ಓದ್ತಾರೆ. ಪಟ್ಟಿಯಲ್ಲಿ ಈಚೆಗೆ ಊರಿಗೆ ಬಂದ ಮೇಷ್ಟ್ರು, ಬ್ಯಾಂಕಿನವರು, ಹೊಸದಾಗಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ ಹುಡುಗ, ಟೈಲರಿಂಗ್ ನಡೆಸುವ ಅಕ್ಕ ಇದ್ದಾರಾ ನೋಡಿ. ಇದ್ದರೆ ಪಿನ್ ಹಾಕಿ ಕಳಿಸಿಬಿಡಬೇಡಿ. ಮುಂದಿನ ಮೀಟಿಂಗ್ ಅವರ ಅಂಗಡಿಯಲ್ಲೇ ಇಟ್ಟುಕೊಂಡು, ಅವರ ಕೆಲಸದ ಬಗ್ಗೆ ಹತ್ತು ನಿಮಿಷ ಕೇಳಿ. ನಿಮ್ಮ ಕ್ಲಬ್ ಊರಿಗೆ ಏನು ಮಾಡ್ತಿದೆ ಅಂತ ಅವರು ಕೇಳಿದರೆ, ಬೇಜಾರು ಮಾಡಿಕೊಳ್ಳದೆ ಕಾಗದ-ಪೆನ್ನು ಅವರ ಕೈಗೇ ಕೊಡಿ.