ಮರುತ್ ವಿಮಾನದ ಜೀವ ಸುರಂಜನ್ ದಾಸ್

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಸಾಗುವ ಸುರಂಜನ್ ದಾಸ್ ರಸ್ತೆಗೆ ಆ ಹೆಸರು ಬಂದದ್ದು ಒಬ್ಬ ಪರೀಕ್ಷಾ ಪೈಲಟ್‌ನಿಂದ. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮರುತ್‌ನೊಂದಿಗೆ ಅವರ ಬದುಕೂ ಸಾವೂ ಬೆಸೆದುಕೊಂಡಿವೆ.

ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಧಿರಂಜನ್ ದಾಸ್ ಅವರ ಪುತ್ರ ಸುರಂಜನ್ ಜನಿಸಿದ್ದು 1920ರಲ್ಲಿ. ವಾಯುಪಡೆ ಸೇರಿ, ಬ್ರಿಟನ್ನಿನಲ್ಲಿ ಪರೀಕ್ಷಾ ಪೈಲಟ್ ತರಬೇತಿ ಪಡೆದು ಬೆಂಗಳೂರಿಗೆ ಬಂದರು. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದು, ವಿ.ಎಂ. ಘಾಟಗೆ ಮೊದಲಾದ ಭಾರತೀಯ ತಂತ್ರಜ್ಞರೊಂದಿಗೆ ಮರುತ್ ರೂಪಿಸತೊಡಗಿದ್ದರು. 1961ರ ಜೂನ್ 17ರಂದು ಅದನ್ನು ಮೊದಲ ಬಾರಿಗೆ ಬಾನಿಗೇರಿಸಿದವರು ದಾಸ್. 1964ರಲ್ಲಿ ಕಿರಣ್ ತರಬೇತಿ ವಿಮಾನದ ಪ್ರಥಮ ಹಾರಾಟವೂ ಅವರದೇ.

ಮರುತ್‌ನ ಒಡಲು ಸೊಗಸಾಗಿತ್ತು. ಕೊರತೆ ಇದ್ದದ್ದು ಎಂಜಿನ್ನಿನಲ್ಲಿ. ಶಬ್ದದ ಎರಡು ಪಟ್ಟು ವೇಗವನ್ನು ವಾಯುಪಡೆ ಬಯಸಿತ್ತು. ಅದಕ್ಕೆಂದು ಎಣಿಸಿದ್ದ ಬ್ರಿಟಿಷ್ ಆರ್ಫಿಯಸ್-12 ಎಂಜಿನ್ ಕೈಗೂಡದೆ, ಸುಮಾರು 2,200 ಕಿಲೋ ನೂಕುಬಲದ ಎರಡು ಆರ್ಫಿಯಸ್-703 ಎಂಜಿನ್‌ಗಳಿಗೇ ತೃಪ್ತಿಪಡಬೇಕಾಯಿತು. ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು.

ಪರಿಹಾರವನ್ನು ಬೆಂಗಳೂರಿನಲ್ಲೇ ಹುಡುಕಲಾಯಿತು. ಎಂಜಿನ್ನಿನಿಂದ ಹೊರಬರುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸುರಿದು ಉರಿಸುವ ‘ರಿಹೀಟ್’ ವ್ಯವಸ್ಥೆಯನ್ನು ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿತು. ಆದರೆ ಅದನ್ನು ಕೂರಿಸಲು ವಿಮಾನದ ಹಿಂಭಾಗವನ್ನು ಮಾರ್ಪಡಿಸಿದಾಗ ಗಾಳಿಯ ಎಳೆತ ಹೆಚ್ಚಿತು. ಗಳಿಸಿದ ಬಲದ ಬಹುಪಾಲು ಅದಕ್ಕೇ ಸಂದಿತು. ಈ ಮಾದರಿಯ ಪರೀಕ್ಷೆಯ ಹೊಣೆ ಹೊತ್ತಿದ್ದ ಗ್ರೂಪ್ ಕ್ಯಾಪ್ಟನ್ ದಾಸ್, 1970ರ ಜನವರಿ 10ರಂದು ಬೆಂಗಳೂರಿನಲ್ಲಿ ನೆಲ ಬಿಟ್ಟೇಳುವಾಗಲೇ ವಿಮಾನ ಪತನಗೊಂಡು ಅಸುನೀಗಿದರು. ಅದೇ ವರ್ಷ ಅವರಿಗೆ ಮರಣೋತ್ತರ ಪದ್ಮಭೂಷಣ ಸಂದಿತು.

ರಿಹೀಟ್ ಮಾದರಿ ಸೇವೆಗೆ ಬರಲೇ ಇಲ್ಲ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಿಂದ ಹಾರಿದ ಮರುತ್‌ಗಳು ನೆಲದ ಗುರಿಗಳ ಮೇಲಿನ ದಾಳಿಯಲ್ಲಿ ತಮ್ಮ ಶಕ್ತಿ ತೋರಿದವು. ಒಂದು ಎಂಜಿನ್ ಗುಂಡೇಟಿಗೆ ಸಿಕ್ಕರೂ ಇನ್ನೊಂದರ ಬಲದಿಂದ ಹಿಂದಿರುಗಿದ ನಿದರ್ಶನಗಳುಂಟು. ಆಕಾಶದಲ್ಲಿ ನಡೆದ ಕಾಳಗದಲ್ಲಿ ಒಂದು ಮರುತ್ ಕೂಡ ಶತ್ರುವಿಮಾನಕ್ಕೆ ಬಲಿಯಾಗಲಿಲ್ಲ. ಒಟ್ಟು 147 ವಿಮಾನಗಳು ತಯಾರಾಗಿ, 1990ರಲ್ಲಿ ಮರುತ್ ವಾಯುಪಡೆಯಿಂದ ನಿವೃತ್ತಿಯಾಯಿತು. ತಕ್ಕ ಎಂಜಿನ್ ಅದಕ್ಕೆ ಕೊನೆಯವರೆಗೂ ದೊರೆಯಲಿಲ್ಲ.