ನಿವೃತ್ತಿಯನ್ನರಿಯದ ಸೈನಿಕ

ಉದ್ಯೋಗದಿಂದ ನಿವೃತ್ತರಾದವರು ಸಾಮಾನ್ಯವಾಗಿ ತಮ್ಮ ವೃತ್ತಿಯನ್ನು ಕಚೇರಿಯ ಬಾಗಿಲಲ್ಲಿಯೇ ಬಿಟ್ಟು ಬರುತ್ತಾರೆ. ಕೆಲವರ ಪಾಲಿಗೆ ಮಾತ್ರ ಅದು ವ್ರತವಾಗಿ ಕೊನೆಯ ಉಸಿರಿನವರೆಗೂ ಜೊತೆಗಿರುತ್ತದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಅಂಥವರು. ಅವರು ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದು 33 ವರ್ಷ. ನಿವೃತ್ತರಾದ ಮೇಲೆ ಬದುಕಿದ್ದು 40 ವರ್ಷ. ಆ 40 ವರ್ಷಗಳಲ್ಲಿಯೂ ಅವರು ಸೈನಿಕರಾಗಿಯೇ ಬಾಳಿದರು.

ಕಾರ್ಯಪ್ಪನವರು 1899ರ ಜನವರಿ 28ರಂದು ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದರು. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿದ್ದರು. ಮಡಿಕೇರಿಯಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿದ ಬಾಲಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದನು. ಆ ಕಾಲದಲ್ಲಿ ಭಾರತೀಯರು ಸಿಪಾಯಿಗಳಾಗಿ ಪ್ರಾಣವನ್ನೊಪ್ಪಿಸಬಹುದಿತ್ತು. ಸೇನಾಧಿಕಾರಿಯ ಪದವಿ ಆಂಗ್ಲರಿಗೇ ಮೀಸಲೆಂಬಂತಿತ್ತು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಆ ಬಾಗಿಲು ಕೊಂಚ ತೆರೆಯಿತು. ಇಂದೋರಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಗಳಾದ ಭಾರತೀಯರ ಮೊದಲ ತಂಡದಲ್ಲಿ ಕಾರ್ಯಪ್ಪನವರೂ ಇದ್ದರು. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ಅವರಿಗೆ ದೊರೆಯಿತು. ಅದನ್ನು ಪಡೆದ ಮೊದಲ ಭಾರತೀಯರು ಅವರೇ.

1947ರಲ್ಲಿ ದೇಶದೊಡನೆ ಸೈನ್ಯವೂ ಇಬ್ಭಾಗವಾಯಿತು. ಒಂದೇ ಪಂಕ್ತಿಯಲ್ಲಿ ಉಂಡವರು ಎದುರುಬದುರಾಗಿ ನಿಲ್ಲಬೇಕಾಯಿತು. 1948ರಲ್ಲಿ ಕಾರ್ಯಪ್ಪನವರ ನೇತೃತ್ವದ ಪಡೆಗಳು ಹಿಮಾವೃತವಾದ ಜೋಜಿಲಾ ಕಣಿವೆಯನ್ನು ದಾಟಿ ದ್ರಾಸ್, ಕಾರ್ಗಿಲ್‌ಗಳನ್ನು ಮರಳಿ ಪಡೆದವು. 1949ರ ಜನವರಿ 15ರಂದು ಅವರು ಭಾರತದ ಭೂಸೇನೆಯ ಮಹಾದಂಡನಾಯಕರಾದರು. ಭಾರತೀಯರೊಬ್ಬರು ಆ ಪೀಠವನ್ನೇರಿದ್ದು ಅದೇ ಮೊದಲು. ಆ ದಿನವನ್ನು ಇಂದಿಗೂ ಸೇನಾ ದಿನವೆಂದು ಆಚರಿಸುತ್ತಾರೆ. ಅದೇ ವರ್ಷ ಅವರು ಗಾರ್ಡ್ಸ್ ದಳವನ್ನು ಕಟ್ಟಿದರು. ಅಲ್ಲಿಯವರೆಗೆ ಅನೇಕ ಪಡೆಗಳು ಒಂದೊಂದು ಜಾತಿ ಅಥವಾ ಪ್ರಾಂತದವರಿಂದ ಕೂಡಿರುತ್ತಿದ್ದವು. ಈ ದಳದಲ್ಲಿ ಎಲ್ಲ ಪ್ರಾಂತಗಳ, ಎಲ್ಲ ಜಾತಿಗಳ ಯೋಧರು ಹೆಗಲಿಗೆ ಹೆಗಲು ಕೊಟ್ಟು ನಿಂತರು.

1953ರಲ್ಲಿ ಕಾರ್ಯಪ್ಪನವರು ನಿವೃತ್ತರಾದರು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದು, ಬಳಿಕ ಮಡಿಕೇರಿಯ ತಮ್ಮ ಮನೆ ರೋಶನಾರಾದಲ್ಲಿ ನೆಲೆಸಿದರು. ಸಮವಸ್ತ್ರವನ್ನು ಕಳಚಿಟ್ಟ ಸಾಮಾನ್ಯ ಸಿಪಾಯಿಯ ಗತಿಯೇನೆಂಬ ಚಿಂತೆ ಅವರನ್ನು ಕಾಡುತ್ತಿತ್ತು. ಯೌವನವನ್ನು ಗಡಿಯಲ್ಲಿ ಕಳೆದು ಹಳ್ಳಿಗೆ ಮರಳಿದವನಿಗೆ ನೆಲವೂ ಇಲ್ಲ, ಬೇರೆ ಕಸುಬೂ ತಿಳಿಯದು. ಇಂಥವರ ಹಿತಕ್ಕಾಗಿ ಅವರು 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘವನ್ನು ಸ್ಥಾಪಿಸಿದರು.

ಮರುವರ್ಷವೇ ಅವರ ಸೈನಿಕಧರ್ಮಕ್ಕೆ ಕಠಿಣ ಪರೀಕ್ಷೆ ಒದಗಿತು. ಅವರ ಮಗ ನಂದಾ ಕಾರ್ಯಪ್ಪ ವಾಯುಪಡೆಯಲ್ಲಿ ವಿಮಾನ ಚಾಲಕರಾಗಿದ್ದರು. 1965ರ ಯುದ್ಧ ಇನ್ನೇನು ಮುಗಿಯುವುದರಲ್ಲಿತ್ತು. ಸೆಪ್ಟೆಂಬರ್ 22ರಂದು ಅವರ ವಿಮಾನ ಉರುಳಿ, ಅವರು ಪಾಕಿಸ್ತಾನದ ಸೆರೆಯಾಳಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ದೇಶವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ನಾಯಕನ ಮೇಲಿನ ಗೌರವದಿಂದ ಅವರು, ಮಗ ಸುರಕ್ಷಿತನಾಗಿರುವನೆಂದೂ ಅವನಿಗೆ ವಿಶೇಷ ಉಪಚಾರ ದೊರೆಯುವಂತೆ ಮಾಡಬಹುದೆಂದೂ ಹೇಳಿಕಳುಹಿಸಿದರು. ಯಾವ ತಂದೆಯ ಹೃದಯ ಆಗ ಕರಗದು? ಆದರೆ ಕಾರ್ಯಪ್ಪನವರು ಆ ಕೊಡುಗೆಯನ್ನು ವಿನಯದಿಂದಲೇ ನಿರಾಕರಿಸಿದರು. ಸೆರೆಯಲ್ಲಿರುವ ಪ್ರತಿಯೊಬ್ಬ ಭಾರತೀಯ ಯೋಧನೂ ತಮಗೆ ಮಗನೇ ಎಂದೂ, ನೀಡುವುದಾದರೆ ಎಲ್ಲರಿಗೂ ಒಂದೇ ಬಗೆಯ ಉಪಚಾರ ನೀಡಬೇಕೆಂದೂ ತಿಳಿಸಿದರು. ಮಗನು ಇತರ ಬಂದಿಗಳೊಡನೆಯೇ ತಾಯ್ನಾಡಿಗೆ ಮರಳಿದನು.

1986ರಲ್ಲಿ ರಾಷ್ಟ್ರವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಮಡಿಕೇರಿಯಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಮೂರೂ ಸೇನೆಗಳ ಮುಖ್ಯಸ್ಥರೊಡನೆ ಇನ್ನೊಬ್ಬ ಫೀಲ್ಡ್ ಮಾರ್ಷಲ್ ಆದ ಮಾಣೆಕ್ ಷಾ ಅವರೂ ಬಂದಿದ್ದರು.

ತಾನು ಸೈನಿಕನೆಂಬ ಹೆಮ್ಮೆ ಕಾರ್ಯಪ್ಪನವರಲ್ಲಿ ಕೊನೆಯವರೆಗೂ ಬಾಡಲಿಲ್ಲ. ಆ ಹೆಮ್ಮೆಗೆ ಅವರು ತೆತ್ತ ಬೆಲೆಯೂ ಅಲ್ಪವಲ್ಲ. ಸಂಗಡಿಗರಿಗೆ ದೊರೆಯದ ಸೌಲಭ್ಯ ತಮ್ಮ ಕರುಳಿನ ಕುಡಿಗೂ ಬೇಡವೆಂದ ಆ ಒಂದು ಗಳಿಗೆಯಲ್ಲಿ ಅವರ ಬಾಳಿನ ಸಾರವೆಲ್ಲ ಅಡಗಿದೆ.